ಬಡೇ ಮಿಯಾ ಯಾರು?

ನಮ್ಮ ಭಾವನವರಿಗೂ ನನಗೂ ನಡುವೆ ಇರುವ ಒಂದೇ ಗಂಭೀರ ತಕರಾರು ಆಸ್ತಿಗೆ ಸಂಬಂಧಪಟ್ಟದ್ದಲ್ಲ. ಆಸ್ತಿ ಎಂಬುದು ಇದ್ದಿದ್ದರೆ ಅದರಲ್ಲೂ ಒಂದು ಕೈ ನೋಡಬಹುದಿತ್ತು; ಅಂಕೋಲೆಯಲ್ಲಿ ಉಳಿದಿರುವುದು ಹನ್ನೊಂದು ತೆಂಗಿನ ಮರ, ಉಪ್ಪುನೀರಿನ ಒಂದು ಬಾವಿ. ನಮ್ಮ ತಕರಾರು 1998ರ ದೀಪಾವಳಿಗೆ ಬಂದ ಒಂದು ಹಿಂದಿ ಸಿನಿಮಾದ್ದು. ಹೆಸರು ‘ಬಡೇ ಮಿಯಾ ಛೋಟೇ ಮಿಯಾ’. ಚೆನ್ನಾಗಿದೆ ಎಂದು ನಾನು, ದರಿದ್ರವಾಗಿದೆ ಎಂದು ಅವರು. ಕಾಲು ಶತಮಾನ ದಾಟಿತು. ಈ ನಡುವೆ ಅವರು ಕಲ್ಯಾಣ್‌ನಲ್ಲಿ ಎರಡು ಮನೆ ಬದಲಾಯಿಸಿದರು, ನಾನು ಡೊಂಬಿವಲಿಯಲ್ಲಿ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಅಭಿಪ್ರಾಯ ಮಾತ್ರ ಇದ್ದಲ್ಲೇ ಇದೆ ಎಂದು ಇಬ್ಬರೂ ಹೇಳಿಕೊಳ್ಳುತ್ತೇವೆ. ಅದು ಪೂರ್ತಿ ನಿಜವಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಿನಿಮಾ ನೋಡದವರು ಇದ್ದರೆ ಅವರಿಗಾಗಿ ನಾಲ್ಕು ಮಾತು. ಇಬ್ಬರು ಇನ್ಸ್‌ಪೆಕ್ಟರುಗಳು: ಅರ್ಜುನ್ ಸಿಂಗ್ ಆಗಿ ಅಮಿತಾಭ್ ಬಚ್ಚನ್, ಪ್ಯಾರೇ ಮೋಹನ್ ಆಗಿ ಗೋವಿಂದ. ಅದೇ ಊರಲ್ಲಿ ಥೇಟ್ ಇವರ ಮುಖದವರೇ ಆದ ಇಬ್ಬರು ಕಳ್ಳರು, ಬಡೇ ಮಿಯಾ ಮತ್ತು ಛೋಟೇ ಮಿಯಾ. ಅವರೂ ಇವರೇ. ಕದಿಯುವುದು ಕಳ್ಳರು, ಬೈಸಿಕೊಳ್ಳುವುದು ಪೊಲೀಸರು. ಕಮಿಷನರ್ ಅನುಪಮ್ ಖೇರ್ ತಲೆ ಚಚ್ಚಿಕೊಳ್ಳುತ್ತಾರೆ. ನಡುನಡುವೆ ವಜ್ರ, ಗುಂಡು, ಹಾಡು. ಮಾಧುರಿ ದೀಕ್ಷಿತ್ ಮಾಧುರಿ ದೀಕ್ಷಿತ್ ಆಗಿಯೇ ಬಂದು ಒಂದು ಹಾಡಿಗೆ ಕುಣಿದು ಹೋಗುತ್ತಾರೆ. ನಿರ್ದೇಶಕರು ಡೇವಿಡ್ ಧವನ್. ಅವರ ಸಿನಿಮಾದಲ್ಲಿ ಕಥೆ ಹುಡುಕುವುದು, ಭೇಳ್‌ಪುರಿ ತಿಂದು ಅನ್ನ ಎಲ್ಲಿ ಎಂದು ಕೇಳಿದಂತೆ.

ನಾವು ನೋಡಬೇಕಾಗಿದ್ದದ್ದು ಅದನ್ನಲ್ಲ. ಅಕ್ಟೋಬರ್ 16ರ ಶುಕ್ರವಾರ ಎರಡು ದೊಡ್ಡ ಸಿನಿಮಾ ಒಂದೇ ದಿನ ಬಿಡುಗಡೆಯಾದವು. ಇನ್ನೊಂದು ‘ಕುಛ್ ಕುಛ್ ಹೋತಾ ಹೈ’. ಅಕ್ಕನಿಗೂ, ಹತ್ತು ವರ್ಷದ ಅಕ್ಕನ ಮಗಳಿಗೂ, ನನ್ನ ಹೆಂಡತಿಗೂ ಬೇಕಾಗಿದ್ದದ್ದು ಅದು. ಹಬ್ಬಕ್ಕೆ ಎಲ್ಲರೂ ನಮ್ಮ ಮನೆಯಲ್ಲಿ ಸೇರುವುದು, ಭಾನುವಾರ ಸಿನಿಮಾ, ಸೋಮವಾರ ನರಕ ಚತುರ್ದಶಿಯ ಎಣ್ಣೆಸ್ನಾನ ಎಂದು ತೀರ್ಮಾನ. ಟಿಕೆಟ್ ಮುಂಗಡ ತರುವ ಜವಾಬ್ದಾರಿ ಭಾವನವರದು. ಬ್ಯಾಂಕಿನವರಲ್ಲವೇ, ಸಾಲಿನಲ್ಲಿ ನಿಂತವರ ಕಷ್ಟ ಅವರಿಗೆ ಒಳಗಿನಿಂದಲೇ ಗೊತ್ತು. ಶನಿವಾರ ರಾತ್ರಿ ಬರಿಗೈಯಲ್ಲಿ ಬಂದರು. ಥಾಣೆಯಲ್ಲಿ ಇಳಿದು ಟಿಕೆಟ್ ತೆಗೆಸಿ ಪಾಕೀಟಿನಲ್ಲಿ ಇಟ್ಟಿದ್ದರಂತೆ, ಲೋಕಲ್‌ನಲ್ಲಿ ಯಾರೋ ಪಾಕೀಟು ಹೊಡೆದರಂತೆ.

ದೂರು ಕೊಡೋಣ ಎಂದು ಅವರನ್ನು ಒಂದು ಚೌಕಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಪೊಲೀಸರು ಬಹಳ ಮರ್ಯಾದೆಯಿಂದ ಕೂರಿಸಿ ಕೇಳಿದ ಮೊದಲ ಪ್ರಶ್ನೆ: “ಹೋದದ್ದು ಮುಂಬ್ರಾಕ್ಕೆ ಮೊದಲೋ, ಆಮೇಲೋ?”

ಈ ಕಡೆಯ ರೈಲು ಗೊತ್ತಿಲ್ಲದವರಿಗೆ ಈ ಪ್ರಶ್ನೆಯ ಆಳ ತಿಳಿಯುವುದಿಲ್ಲ. ಲೋಕಲ್‌ನಲ್ಲಿ ಹೋದ ಪಾಕೀಟಿಗೆ ರೈಲ್ವೆ ಪೊಲೀಸರು. ರೈಲ್ವೆಯ ಸೊತ್ತಿಗೆ ರಕ್ಷಣಾ ದಳದವರು. ನಿಲ್ದಾಣದ ಮೆಟ್ಟಿಲಿಳಿದು ರಿಕ್ಷಾ ಸ್ಟ್ಯಾಂಡಿಗೆ ಬಂದ ಮೇಲೆ ಹೋದರೆ ಊರಿನ ಪೊಲೀಸರು. ಜೇಬಿಗೆ ಕೈ ಹಾಕುವವನಿಗೆ ಈ ಗಡಿಗಳೆಲ್ಲ ಬಾಯಿಪಾಠ. ಜೇಬು ಕಳೆದುಕೊಂಡವನು ಮಾತ್ರ ಆ ಹೊತ್ತಿನಲ್ಲಿ ಬಾಗಿಲ ಕಂಬಕ್ಕೆ ಜೋತುಬಿದ್ದು ಸಂಜೆಯ ಸಾರಿಗೆ ಏನು ತರಕಾರಿ ಎಂದು ಯೋಚಿಸುತ್ತಿರುತ್ತಾನೆ. ಭಾವನವರು ಸ್ವಲ್ಪ ಹೊತ್ತು ಸೂರು ನೋಡಿ, “ಆಮೇಲೆ” ಎಂದರು. “ಯಾವ ಗಾಡಿ?” “ಫಾಸ್ಟ್.” ಪೊಲೀಸರು ಪೆನ್ನು ಕೆಳಗಿಟ್ಟರು. ಆ ಕಾಲದಲ್ಲಿ ಫಾಸ್ಟ್ ಗಾಡಿ ಮುಂಬ್ರಾಕ್ಕೆ ಹೋಗುತ್ತಲೇ ಇರಲಿಲ್ಲ. 1916ರ ಪಾರ್ಸಿಕ್ ಸುರಂಗದಲ್ಲಿ ನುಗ್ಗಿ ಗುಡ್ಡದ ಆಚೆ ದಿವಾದ ಹತ್ತಿರ ಹೊರಬೀಳುತ್ತಿತ್ತು. ಗುಡ್ಡ ಬಳಸಿಕೊಂಡು ಕಳವಾ, ಮುಂಬ್ರಾ ಎಂದು ತೆವಳುವುದು ಸ್ಲೋ ಗಾಡಿ. “ಹಾಗಾದರೆ ಸುರಂಗದಲ್ಲಿ ಹೋಗಿರಬೇಕು, ಕತ್ತಲೆ ಇತ್ತು” ಎಂದರು ಭಾವ. ದೂರು ಬರೆಸದೆ ಚಹಾ ಕುಡಿದು ಹೊರಟೆವು.

ಅವರು ಟಿಕೆಟ್ ತೆಗೆಸಿಯೇ ಇರಲಿಲ್ಲ, ಮರೆತಿದ್ದರು ಎಂಬುದು ಅಕ್ಕನ ವಾದ. ನಾನು ಈ ವಿಷಯದಲ್ಲಿ ತಟಸ್ಥ. ಸುರಂಗ ಇದ್ದದ್ದು ನಿಜ, ಕತ್ತಲೆ ಇದ್ದದ್ದೂ ನಿಜ.

ಭಾನುವಾರ ನೋಡಿದರೆ ‘ಕುಛ್ ಕುಛ್’ಗೆ ಎಲ್ಲೆಲ್ಲೂ ಹೌಸ್‌ಫುಲ್ ಹಲಗೆ. ಆಗಿನ್ನೂ ಮಾಲುಗಳಿರಲಿಲ್ಲ. ಡೊಂಬಿವಲಿಯಲ್ಲಿ ತಿಲಕ್, ಪೂಜಾ-ಮಧುಬನ್. ಥಾಣೆಯಲ್ಲಿ ಮಲ್ಹಾರ್, ವಂದನಾ, ಆನಂದ್. ವಾಶಿಯ ಕಡೆಯವರಿಗೆ ಮೇಘರಾಜ್. (ವಂದನಾ ಟಾಕೀಸು ಹೋಗಿ ಎಷ್ಟೋ ಕಾಲವಾದರೂ ಹೆಸರು ಬಸ್ ಸ್ಟ್ಯಾಂಡಿಗೆ ಅಂಟಿಕೊಂಡಿದೆ. ಸಿನಿಮಾ ಇಲ್ಲದ ಊರಿಗೆ ಕಂಡಕ್ಟರುಗಳು ಇವತ್ತಿಗೂ ಟಿಕೆಟ್ ಹರಿಯುತ್ತಾರೆ.) ಕೊನೆಗೆ ಒಂದು ಟಾಕೀಸಿನ ಎದುರು, ಹಬ್ಬಕ್ಕೆ ಹೊಸ ಅಂಗಿ ತೊಟ್ಟ ಒಬ್ಬ ಹುಡುಗ ಕಿವಿಯ ಹತ್ತಿರ ಬಂದು ‘ಬಡೇ ಮಿಯಾ’ ಇದೆ ಎಂದು ಪಿಸುಗುಟ್ಟಿದ. ದುಪ್ಪಟ್ಟು ದರ. ಹೀಗೆ, ಕಳ್ಳನೊಬ್ಬನ ದೆಸೆಯಿಂದ, ಕಾಳಸಂತೆಯ ಟಿಕೆಟ್ಟಿನಲ್ಲಿ, ಪೊಲೀಸರ ಸಿನಿಮಾ ನೋಡಲು ಕೂತೆವು.

ಆ ಮೂರು ಗಂಟೆಯಲ್ಲಿ ನಮ್ಮ ಸಾಲಿನಲ್ಲಿ ನಡೆದದ್ದು ಇಷ್ಟು. ನಾನು ನಕ್ಕೆ. ಬರೀ ನಗಲಿಲ್ಲ, ಮುಂದಿನ ಕುರ್ಚಿಯವರು ಎರಡು ಸಲ ಹಿಂದಿರುಗಿ ನೋಡುವಷ್ಟು ನಕ್ಕೆ. ಅಕ್ಕನ ಮಗಳು ಮಾಧುರಿ ಬಂದಾಗ ಕುರ್ಚಿಯ ಮೇಲೆ ನಿಂತಳು. ನನ್ನ ಹೆಂಡತಿ ಶಾರುಖ್ ಖಾನ್ ಈಗ ಏನು ಮಾಡುತ್ತಿರಬಹುದು ಎಂದು ಚಿಂತಿಸುತ್ತಿದ್ದಳು. ಅಕ್ಕ ಮೂರು ದಿನದಿಂದ ಚಕ್ಕುಲಿ ಒತ್ತಿದವಳು, ಟೈಟಲ್ ಮುಗಿಯುವ ಮೊದಲೇ ನಿದ್ದೆಹೋದಳು. ಭಾವನವರು ನೆಟ್ಟಗೆ ಕೂತು, ಕೈಕಟ್ಟಿ, ಲೆಕ್ಕ ತಪಾಸಣೆಗೆ ಬಂದವರಂತೆ ನೋಡಿದರು. ತಂಬಾಕು ತಿಕ್ಕುವ ಹಾಡಿಗೆ ಅಮಿತಾಭ್ ಸೊಂಟ ಕುಣಿಸಿದಾಗ ಅವರ ಬಾಯಿಂದ “ಛೆ” ಎಂಬ ಒಂದಕ್ಷರ ಹೊರಬಿತ್ತು. ಆ ದಿನದ ಅವರ ವಿಮರ್ಶೆ ಅಷ್ಟೇ.

ವಿಸ್ತೃತ ವಿಮರ್ಶೆ ಮರುವಾರ, ಬೆಳಗಿನ ಲೋಕಲ್‌ನಲ್ಲಿ ಆರಂಭವಾಯಿತು. ಅವರು ಕಲ್ಯಾಣ್‌ನಲ್ಲಿ ಹತ್ತಿ ಕಿಟಕಿ ಹಿಡಿಯುವುದು, ನಾನು ಡೊಂಬಿವಲಿಯಲ್ಲಿ ಹತ್ತಿ ಅವರ ಮೊಣಕಾಲಿನ ಎದುರು ನಿಲ್ಲುವುದು ನಮ್ಮ ಪದ್ಧತಿ. ಕೂತವರಿಗೆ ವಾದದಲ್ಲಿ ಮೊದಲೇ ಅರ್ಧ ಗೆಲುವು.

“ನೋಡು ಮಾರಾಯ, 1973ರ ‘ಜಂಜೀರ್’ ನೆನಪಿದೆಯಾ? ಅವನೂ ಇನ್ಸ್‌ಪೆಕ್ಟರೇ. ಠಾಣೆಗೆ ಪ್ರಾಣ್ ಬಂದು ಕೂರಲು ಹೋದರೆ ಕುರ್ಚಿ ಒದ್ದ. ಆ ಕಾಲು ಅದು! ಅದೇ ಕಾಲಲ್ಲಿ ಈಗ ಹೀಗೆ ಕುಣಿಯುತ್ತಾನೆ.”

“ಇಪ್ಪತ್ತೈದು ವರ್ಷ ಕುರ್ಚಿ ಒದ್ದೇ ಇರಬೇಕಾ ಭಾವ? ಕಾಲಿಗೂ ಬೇಜಾರಾಗುತ್ತದೆ.”

“ಯಕ್ಷಗಾನದಲ್ಲಿ ಹಾಸ್ಯಗಾರ ಬರ್ತಾನೆ, ರಾಜನ ಕಾಲೆಳೀತಾನೆ, ಹೋಗ್ತಾನೆ. ರಾಜ ಕಿರೀಟ ತೆಗೆದಿಟ್ಟು ಹಾಸ್ಯಗಾರನ ಜೊತೆ ಉರುಳಾಡೋದಿಲ್ಲ.”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಷ್ಟರಲ್ಲಿ ಕೋಪರ್ ಬಂದು, ಇನ್ನೊಂದಿಷ್ಟು ಜನ ನುಗ್ಗಿ, ನಾನು ಮೂರಡಿ ಆಚೆ ಹೋದದ್ದರಿಂದ ಸೋಲು ಯಾರಿಗೂ ಕಾಣಲಿಲ್ಲ.

ಮರುದಿನ ಅವರು ಕನ್ನಡವನ್ನೇ ಕಣಕ್ಕಿಳಿಸಿದರು. ಒಂದೇ ಮುಖದ ಪೊಲೀಸ್ ಮತ್ತು ಖದೀಮ ಎಂಬುದು ನಗುವ ವಿಷಯವೇ ಅಲ್ಲವಂತೆ. 1981ರ ‘ಅಂತ’ ನೋಡು ಎಂದರು. ಎಚ್.ಕೆ. ಅನಂತರಾವ್ ‘ಸುಧಾ’ದಲ್ಲಿ ಬರೆದ ಧಾರಾವಾಹಿ, ರಾಜೇಂದ್ರಸಿಂಗ್ ಬಾಬು ಮಾಡಿದ ಸಿನಿಮಾ. ಅಂಬರೀಷ್ ಒಂದು ಕಡೆ ಇನ್ಸ್‌ಪೆಕ್ಟರ್ ಸುಶೀಲ್ ಕುಮಾರ್, ಇನ್ನೊಂದು ಕಡೆ ಕನ್ವರ್‌ಲಾಲ್. ಬಾಬು ಅವರೇ ಅದನ್ನು ಹಿಂದಿಯಲ್ಲಿ ಜಿತೇಂದ್ರನನ್ನು ಹಾಕಿಕೊಂಡು ‘ಮೇರಿ ಆವಾಜ್ ಸುನೋ’ ಮಾಡಿದರು. ಉಗುರು ಕೀಳುವ ಆ ದೃಶ್ಯ! ಅದು ಪೊಲೀಸ್ ಸಿನಿಮಾ. ನಾನು ಹೇಳಿದೆ, “ಭಾವ, ಅದನ್ನು ನೋಡಿ ಬಂದ ಮೇಲೆ ಹದಿನೈದು ದಿನ ಉಗುರು ಕತ್ತರಿಸಲು ನನಗೆ ಧೈರ್ಯ ಬಂದಿರಲಿಲ್ಲ. ವರ್ಷಕ್ಕೊಮ್ಮೆ ಹಬ್ಬಕ್ಕೆ ಕಪ್ಪು ದರ ಕೊಟ್ಟು ಉಗುರು ಕೀಳಿಸಿಕೊಳ್ಳಬೇಕಾ?” ಪಕ್ಕದಲ್ಲಿ ನಿಂತ ಮರಾಠಿ ಸಜ್ಜನರೊಬ್ಬರು ಅರ್ಥವಾಗದಿದ್ದರೂ ತಲೆಯಾಡಿಸಿದರು. ಲೋಕಲ್‌ನಲ್ಲಿ ತಲೆ ತಾನಾಗಿಯೇ ಆಡುತ್ತದೆ, ಅದನ್ನು ಬೆಂಬಲ ಎಂದು ಎಣಿಸುವಂತಿಲ್ಲ.

ಸ್ವಲ್ಪ ಹಿಂದೆ ಹೋಗಬೇಕು. ಆ ಸೋಮವಾರ ಬೆಳಿಗ್ಗೆ ಎಣ್ಣೆಸ್ನಾನ ಮುಗಿಸಿ ಫಡಕೆ ರೋಡಿಗೆ ಹೋಗಿದ್ದೆವು. ದೀಪಾವಳಿಯ ಬೆಳಿಗ್ಗೆ ಡೊಂಬಿವಲಿಯ ಹುಡುಗ ಹುಡುಗಿಯರೆಲ್ಲ ಹೊಸ ಬಟ್ಟೆ ತೊಟ್ಟು ಗಣಪತಿ ದೇವಸ್ಥಾನದ ಹತ್ತಿರ ಆ ರಸ್ತೆಯಲ್ಲಿ ಬಂದು ನಿಲ್ಲುತ್ತಾರೆ. ಯಾಕೆ ಎಂದರೆ ನಿಲ್ಲುವುದಕ್ಕೆ. ಒಬ್ಬರನ್ನೊಬ್ಬರು ನೋಡುವುದಕ್ಕೆ. ಕಾಲಿಡಲು ಜಾಗ ಇರುವುದಿಲ್ಲ. ಆ ಗುಂಪಿನ ಅಂಚಿನಲ್ಲಿ ಬಂದೋಬಸ್ತಿಗೆ ನಿಂತವರು ನಮ್ಮ ಕಟ್ಟಡದ ಹವಾಲ್ದಾರರು. ಸಾಂಗ್ಲಿ ಜಿಲ್ಲೆಯ ಜತ್ತ ಕಡೆಯವರು, ಮನೆಯಲ್ಲಿ ಕನ್ನಡ, ಚೌಕಿಯಲ್ಲಿ ಮರಾಠಿ. ಹಿಂದಿನ ರಾತ್ರಿ ಕೊನೆಯ ಆಟಕ್ಕೆ ಅದೇ ಸಿನಿಮಾ ನೋಡಿದ್ದರು. ವೃತ್ತಿಪರರ ಅಭಿಪ್ರಾಯ ಇರಲಿ ಎಂದು ಕೇಳಿದೆ.

“ಏನ್ ಕೇಳ್ತೀರಿ ಸಾಹೇಬ್ರ. ಅವ್ರು ಎಷ್ಟ ಗೋಳಿ ಹಾರಿಸ್ಯಾರ ಲೆಕ್ಕ ಇಟ್ಟೀರೇನು? ನಮ್ಮಲ್ಲಿ ಒಂದ ಗೋಳಿ ಹಾರಿಸಿದ್ರ ಖಾಲಿ ಪುಂಗಳಿ ಆರಿಸಿ ತಂದು ಜಮಾ ಮಾಡಬೇಕು. ಯಾಕ ಹಾರಿಸಿದಿ, ಯಾವ ದಿಕ್ಕಿಗೆ ಹಾರಿಸಿದಿ, ಎಲ್ಲಾ ಬರದ ಕೊಡಬೇಕು. ಆ ಇಬ್ರೂ ಇಡೀ ಪಿಕ್ಚರ್‌ನ್ಯಾಗ ಒಂದರೆ ಪಂಚನಾಮಾ ಬರದ್ರೇನು?”

ಇಲ್ಲ ಎಂದೆ.

“ಅದಕ್ಕ ಅವ್ರಿಗೆ ಹಾಡಾಕ ಟೈಮ್ ಸಿಗತೈತಿ.” ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಹೇಳಿದರು: “ಆದ್ರ ಒಂದ ಮಾತ ಖರೇ. ಅವ್ರಿಗೆ ಜೋಡಿ ಐತಿ. ನಾ ಇಲ್ಲಿ ಬೆಳಗಿನ ಐದಕ್ಕ ಒಬ್ಬಾಂವ ನಿಂತೇನಿ, ಚಾ ಕುಡ್ಯಾಕ ಹೋಗಬೇಕಂದ್ರ ಲಾಠಿ ಯಾರ ಕೈಯಾಗ ಕೊಡ್ಲಿ?” ಭಾವನವರು ಕೈ ಚಾಚಿದರು. ಹವಾಲ್ದಾರರು ನಕ್ಕು ಕೊಡಲಿಲ್ಲ.

ಇನ್ನೊಂದು ಬಗೆಯ ಅಭಿಪ್ರಾಯ ಒಬ್ಬ ಶೆಟ್ಟರದು. ಅವರು ಟಾಕೀಸುಗಳ ಕ್ಯಾಂಟೀನು ನಡೆಸಿದವರು, ಬೆಳಕು ಬಿದ್ದಾಗ ಮಾತ್ರ ಪ್ರೇಕ್ಷಕರನ್ನು ಕಂಡವರು. ಪರದೆಯ ಕಡೆ ಬೆನ್ನು, ಎಣ್ಣೆಯ ಕಡೆ ಮುಖ. ಅವರ ಲೆಕ್ಕದಲ್ಲಿ ಸಿನಿಮಾಗಳು ಎರಡೇ ಜಾತಿ. “ಅಳುವ ಪಿಕ್ಚರಿಗೆ ನೀರು ಮಾತ್ರ ಹೋಗ್ತದೆ ಮಾರ್ರೆ. ನಗುವ ಪಿಕ್ಚರಿಗೆ ವಡಾ ಹೋಗ್ತದೆ. ಗೋವಿಂದಂದು ಇಂಟರ್‌ವಲ್ ಆದ್ರೆ ಎರಡು ಘಾಣ ಜಾಸ್ತಿ ತೆಗೀಬೇಕು.” ಹಾಗಾದರೆ ‘ಬಡೇ ಮಿಯಾ’ ಗೆದ್ದಿತಲ್ಲ ಎಂದು ನಾನು ಉಬ್ಬಿದರೆ, ಅವರೇ ಗಾಳಿ ತೆಗೆದರು: “ಆದ್ರೆ ನಗುವವರು ಒಂದು ಸಲ ಬರ್ತಾರೆ. ಅಳುವವರು ಅತ್ತೆ, ನಾದಿನಿ, ಪಕ್ಕದ ಮನೆಯವರನ್ನು ಕರ್ಕೊಂಡು ಮತ್ತೆ ಬರ್ತಾರೆ.” ಆ ವರ್ಷ ಹಣ ಗಳಿಕೆಯಲ್ಲಿ ‘ಕುಛ್ ಕುಛ್’ ಮೊದಲು ನಿಂತಿತು, ನಮ್ಮದು ಅದರ ಹಿಂದೆ ಗೌರವಯುತ ದೂರದಲ್ಲಿ.

ಥಾಣೆಯ ನೌಪಾಡಾದಲ್ಲಿ ನಮ್ಮ ಸೋದರಮಾವ ಇದ್ದರು. ಗಡಕರಿ ರಂಗಾಯತನದಲ್ಲಿ ಯಾವ ನಾಟಕವನ್ನೂ ಬಿಟ್ಟವರಲ್ಲ. ಸಿನಿಮಾದ ವಿಷಯಕ್ಕೆ ಬಂದರೆ ಮೂಲ ಎಲ್ಲಿಯದು ಎಂದು ಪತ್ತೆ ಹಚ್ಚುವ ಚಟ. ‘ಬ್ಯಾಡ್ ಬಾಯ್ಸ್’ ಎಂಬ 1995ರ ಇಂಗ್ಲಿಷ್ ಚಿತ್ರದ ವಿಸಿಡಿ ತರಿಸಿ ಕೂರಿಸಿ ತೋರಿಸಿದರು. ವಿಲ್ ಸ್ಮಿತ್, ಮಾರ್ಟಿನ್ ಲಾರೆನ್ಸ್. ಸಾಕ್ಷಿಯಾದ ಹುಡುಗಿಯ ಮುಂದೆ ಒಬ್ಬ ಪೊಲೀಸ್ ಇನ್ನೊಬ್ಬನಂತೆ ನಟಿಸಬೇಕಾದ ಫಜೀತಿ. ಅಲ್ಲಿಂದ ಇಲ್ಲಿಗೆ ಬಂದಿರುವುದು ಕುರುಡನಿಗೂ ಕಾಣುವಂತಿತ್ತು. “ಕಳ್ಳರ ಸಿನಿಮಾ, ಅದನ್ನೂ ಕದ್ದು ಮಾಡಿದ್ದಾರೆ” ಎಂದರು ಮಾವ. ಆದರೆ ಆ ಇಂಗ್ಲಿಷ್ ಚಿತ್ರದಲ್ಲಿ ಇಬ್ಬರೇ, ಇಲ್ಲಿ ನಾಲ್ವರು. ಒಂದೇ ಮುಖದ ಎರಡು ಜೋಡಿ ಶೇಕ್ಸ್‌ಪಿಯರನ ಹಳೆಯ ಸರಕು. ಗುಲ್ಜಾರ್ ಅದನ್ನು 1982ರಲ್ಲಿ ‘ಅಂಗೂರ್’ ಮಾಡಿದರು, ಎನ್.ಎಸ್. ಶಂಕರ್ 1997ರಲ್ಲಿ ಕನ್ನಡದಲ್ಲಿ ‘ಉಲ್ಟಾ ಪಲ್ಟಾ’ ಮಾಡಿದರು. ಶೇಕ್ಸ್‌ಪಿಯರನೂ ರೋಮಿನವರಿಂದ ಎತ್ತಿದ್ದ. ಇದನ್ನೆಲ್ಲ ಹೇಳಿದ ಮೇಲೆ ಮಾವ, “ಸರಿ, ಎರಡು ಕಡೆಯಿಂದ ಕದ್ದಿದ್ದಾರೆ” ಎಂದು ತಿದ್ದಿಕೊಂಡರು.

ಅಕ್ಕನ ಅಭಿಪ್ರಾಯ ಹೇಳದಿದ್ದರೆ ತಪ್ಪಾಗುತ್ತದೆ. ಪೂರ್ತಿ ನಿದ್ದೆ ಮಾಡಿದ್ದರೂ ಅವಳ ನಿಲುವು ಎಲ್ಲರಿಗಿಂತ ಗಟ್ಟಿ. 1982ರ ಜುಲೈ ಕೊನೆಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ಯ ಹೊಡೆದಾಟ ಚಿತ್ರೀಕರಿಸುವಾಗ ಅಮಿತಾಭ್ ಹೊಟ್ಟೆಗೆ ಪೆಟ್ಟು ಬಿದ್ದು, ಮೊದಲು ಬೆಂಗಳೂರಿನ, ಆಮೇಲೆ ಮುಂಬಯಿಯ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ತೂಗಾಡಿದರಲ್ಲ, ಆಗ ಊರಿನಲ್ಲಿದ್ದ ಅಕ್ಕ ಗೋಕರ್ಣದ ಗಣಪತಿಗೆ ಇಪ್ಪತ್ತೊಂದು ಕಾಯಿ ಹರಕೆ ಹೊತ್ತಿದ್ದಳು. ನಮ್ಮ ಹನ್ನೊಂದು ಮರದವೇ. “ನಾನು ಕಾಯಿ ಒಡೆದು ಉಳಿಸ್ಕೊಂಡ ಜೀವ ಅದು. ಕುಣೀಲಿ, ಬಿಡಿ, ನಿಮಗೇನು?” ಎಂದು ಗಂಡನ ಬಾಯಿ ಮುಚ್ಚಿಸುತ್ತಿದ್ದಳು.

ಭಾವ ಅಷ್ಟಕ್ಕೆ ಬಿಡುವವರಲ್ಲ. “ಖುಷಿಗೆ ಕುಣಿದಿದ್ದರೆ ಸರಿ. ಇವನು ಸಾಲಕ್ಕೆ ಕುಣಿದದ್ದು” ಎನ್ನುತ್ತಿದ್ದರು. ಅದರಲ್ಲಿ ಸುಳ್ಳಿರಲಿಲ್ಲ. ಅಮಿತಾಭ್ ಕಟ್ಟಿದ್ದ ಎಬಿಸಿಎಲ್ ಕಂಪನಿ 1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಸಿತ್ತು. ಹೊರಗೆ ಪ್ರತಿಭಟನೆ, ಒಳಗೆ ದೀಪ. ಅದಾದ ಮೇಲೆ ಕಂಪನಿ ಮುಗ್ಗರಿಸಿತು. ಮರುವರ್ಷ ‘ಮೃತ್ಯುದಾತಾ’ ಬಿದ್ದಿತು. ‘ಬಡೇ ಮಿಯಾ’ ಬಂದದ್ದು ಅವರಿಗೆ ಐವತ್ತಾರು ತುಂಬಿದ ಐದನೇ ದಿನ. ಪಕ್ಕದಲ್ಲಿ ಮೂವತ್ತನಾಲ್ಕರ ಗೋವಿಂದ, ನಮ್ಮ ಪಶ್ಚಿಮ ರೈಲ್ವೆಯ ವಿರಾರದ ಹುಡುಗ. ಕಣ್ಣು ಹೊಡೆದರೆ ಗಲಾಟೆ, ಹೆಜ್ಜೆ ಹಾಕಿದರೆ ಸಿಳ್ಳೆ. ಇಡೀ ಟಾಕೀಸು ಅವನ ಕಡೆ. ಎತ್ತರದ ಮನುಷ್ಯ ಎಷ್ಟು ಬಗ್ಗಿದರೂ ಆ ಹುಡುಗನ ಸರಾಗ ಸಿಗುತ್ತಿರಲಿಲ್ಲ. ಆದರೂ ಬಗ್ಗುತ್ತಿದ್ದರು. ನನಗೆ ಅದೇ ಇಷ್ಟವಾದದ್ದು. ಸಾಲಕ್ಕೆ ಕುಣಿಯುವುದರಲ್ಲಿ ಅವಮಾನವೇನು ಎಂದು ಕೇಳುತ್ತಿದ್ದೆ. ನಾವಿಬ್ಬರೂ ಈ ಗಾಡಿಯಲ್ಲಿ ಒಂದೇ ಕಾಲಲ್ಲಿ ನಿಂತು ಹೋಗುತ್ತಿರುವುದು ಯಾವ ಖುಷಿಗೆ, ಮನೆ ಸಾಲಕ್ಕಲ್ಲವೇ?

“ನೀನು ನಿಂತಿದ್ದೀಯ, ನಾನು ಕೂತಿದ್ದೇನೆ” ಎಂದರು ಭಾವ.

ಆಗ ನನಗೆ ಗೊತ್ತಿರಲಿಲ್ಲ. ಅಕ್ಕ ಎಷ್ಟೋ ಕಾಲದ ಮೇಲೆ ಹೇಳಿದಳು. ಅದೇ ವರ್ಷ ಭಾವನವರ ಶಾಖೆಗೆ ಕಂಪ್ಯೂಟರ್ ಬಂದಿತ್ತು. ಇಪ್ಪತ್ತೇಳು ವರ್ಷ ಲೆಡ್ಜರಿನ ಪುಟದ ಮೂಲೆ ನೋಡಿ ಖಾತೆ ನಂಬರು ಹೇಳುತ್ತಿದ್ದ ಮನುಷ್ಯನ ಪಕ್ಕಕ್ಕೆ, ಕಲಿಸಲು ಎಂದು ಒಬ್ಬ ಹುಡುಗನನ್ನು ಕೂರಿಸಿದ್ದರು. ಒಳ್ಳೆಯ ಹುಡುಗನೇ. ಬೆರಳು ಓಡಿಸುತ್ತ ಹಾಡು ಗುನುಗುತ್ತಿದ್ದನಂತೆ. ಕೌಂಟರಿಗೆ ಬಂದವರು, ಅದರಲ್ಲೂ ಹೆಂಗಸರು, ಭಾವನವರನ್ನು ದಾಟಿ ಅವನ ಕಿಟಕಿಗೆ ಹೋಗುತ್ತಿದ್ದರಂತೆ. ಭಾವನವರು ಮನೆಗೆ ಬಂದು ಊಟದ ಮೇಜಿನ ಮೇಲೆ ಬೆರಳಾಡಿಸಿ ಟೈಪಿಂಗ್ ಅಭ್ಯಾಸ ಮಾಡುತ್ತಿದ್ದರು. ಅಕ್ಕ ಅದನ್ನು ನೋಡಿ ಅಜೀರ್ಣವೆಂದು ಓಮದ ನೀರು ಕೊಟ್ಟಳು. 2001ರಲ್ಲಿ, ಸರ್ಕಾರಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿಯ ಗಾಳಿ ಬೀಸಿದಾಗ, ಅವರೂ ಅರ್ಜಿ ಹಾಕಿ ಹೊರಬಂದರು. ಅಷ್ಟು ಹೊತ್ತಿಗೆ ಅಮಿತಾಭ್ ಟಿವಿಯಲ್ಲಿ ಕುರ್ಚಿ ಹಾಕಿಕೊಂಡು ‘ಕೌನ್ ಬನೇಗಾ ಕರೋಡ್‌ಪತಿ’ ಶುರುಮಾಡಿ ವರ್ಷವಾಗುತ್ತ ಬಂದಿತ್ತು. ಭಾವನವರು ಒಂದು ಸಂಚಿಕೆಯನ್ನೂ ಬಿಡುತ್ತಿರಲಿಲ್ಲ. “ಹೀಗೆ ಕೂತಿರಬೇಕಪ್ಪ. ಇದು ಮರ್ಯಾದೆ” ಎನ್ನುತ್ತಿದ್ದರು.

(ಆ ಜೋಡಿಯ ಬಗ್ಗೆ ಇನ್ನೊಂದು ಮಾತು, ಭಾವನವರಿಗೆ ಬಹಳ ಪ್ರಿಯವಾದದ್ದು. ಇಬ್ಬರೂ ಸಂಸದರಾದರು. ಬಡೇ ಮಿಯಾ 1984ರಲ್ಲಿ ಅಲಾಹಾಬಾದಿನಿಂದ. ಛೋಟೇ ಮಿಯಾ 2004ರಲ್ಲಿ ಮುಂಬಯಿ ಉತ್ತರದಿಂದ, ಅದೂ ಲೋಕಲ್ ಪ್ರಯಾಣಿಕರ ಕಷ್ಟಕ್ಕೆ ಹೆಸರಾದ ರಾಮ್ ನಾಯ್ಕರನ್ನು ಸೋಲಿಸಿ. ಆ ಫಲಿತಾಂಶದ ದಿನ ಭಾವ ನನಗೆ ಫೋನ್ ಮಾಡಿ, “ನಗು, ಇನ್ನೂ ನಗು” ಎಂದು ಇಟ್ಟುಬಿಟ್ಟರು.)

ಈಗ ನನ್ನ ತಪ್ಪೊಪ್ಪಿಗೆ. ಆಮೇಲೆ ಟಿವಿಯಲ್ಲಿ ಆ ಸಿನಿಮಾ ಎಷ್ಟು ಸಲ ಬಂದಿತೋ ಲೆಕ್ಕವಿಲ್ಲ. ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ನನಗೆ ನಗು ಬರಲಿಲ್ಲ. ಎಲ್ಲಿ ನಗಬೇಕು ಎಂಬುದು ನೆನಪಿದೆ, ಬಾಯಿ ಸಿದ್ಧವಾಗಿದೆ, ನಗು ಮಾತ್ರ ಹಿಂದಿನ ಗಾಡಿಯಲ್ಲಿ ಉಳಿದಿದೆ. ಗಲಾಟೆ ಹೆಚ್ಚಾಯಿತು ಅನ್ನಿಸಿತು. ಇದನ್ನು ಭಾವನವರಿಗೆ ಹೇಳಲಿಲ್ಲ. ಹೇಳಿದ್ದರೆ ವಾದ ಮುಗಿದುಹೋಗುತ್ತಿತ್ತು. ಆಮೇಲೆ ಫೋನಿನಲ್ಲಿ ಮಾತಾಡಲು ಉಳಿಯುವುದು ಸಕ್ಕರೆ ಪ್ರಮಾಣ ಮಾತ್ರ. ಅವರ ಕಡೆಯೂ ಏನೋ ಸಡಿಲಾಗಿತ್ತು. ಒಂದು ಮಳೆಗಾಲದ ಮಧ್ಯಾಹ್ನ ಕಲ್ಯಾಣ್‌ಗೆ ಹೇಳದೆ ಹೋದೆ. ಹೊರಗಿನಿಂದಲೇ ಆ ತಂಬಾಕಿನ ಹಾಡು ಕೇಳಿಸಿತು. ಬಾಗಿಲು ತೆರೆಯುವಷ್ಟರಲ್ಲಿ ಚಾನೆಲ್ ಬದಲಾಗಿ, ಯಾರೋ ಸ್ವಾಮಿಗಳು ಪ್ರವಚನ ಹೇಳುತ್ತಿದ್ದರು. ಭಾವನವರ ಬಲಗಾಲು ಮಾತ್ರ ಇನ್ನೂ ಹಳೆಯ ತಾಳದಲ್ಲೇ ಇತ್ತು. ನಾನು ಪ್ರವಚನ ಚೆನ್ನಾಗಿದೆ ಎಂದೆ.

ಕುರ್ಚಿಯ ಮೇಲೆ ನಿಂತಿದ್ದ ಹುಡುಗಿ ಈಗ ನವಿ ಮುಂಬಯಿಯ ಕೋಪರ್‌ಖೈರಣೆಯಲ್ಲಿ ಸಂಸಾರ ಹೂಡಿ, ಐರೋಲಿಯ ಕಂಪನಿಯೊಂದಕ್ಕೆ ಹೋಗುತ್ತಾಳೆ. ಒಮ್ಮೆ ನಮ್ಮ ವಾದ ರಂಗೇರಿದಾಗ ಕೇಳಿದಳು: “ಮಾಮಾ, ಅಪ್ಪ, ಇಬ್ಬರೂ ಹೇಳಿ. ಆ ಸಿನಿಮಾದಲ್ಲಿ ರವೀನಾ ಹೆಸರೇನು? ರಮ್ಯಾ ಕೃಷ್ಣ ಹೆಸರೇನು?” ನಾವು ಮುಖ ಮುಖ ನೋಡಿಕೊಂಡೆವು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅರೆದು ಕುಡಿದ ಚಿತ್ರ. ನಾಲ್ಕು ಗಂಡಸರ ಹೆಸರು ಬಾಯಿಪಾಠ, ಹೆಂಗಸರದು ಒಂದೂ ಇಲ್ಲ. “ಸೀಮಾ, ನೇಹಾ” ಎಂದು ಅವಳೇ ಹೇಳಿದಳು. ನಮ್ಮ ಕನ್ನಡದಲ್ಲಿ ‘ಗಡಿಬಿಡಿ ಗಂಡ’ ಮಾಡಿದ ರಮ್ಯಾ ಕೃಷ್ಣ ಎಂದರೆ ಪರದೆ ತುಂಬುವ ಹೆಂಗಸು. ಅವರಿಗೆ ಅಲ್ಲಿ ಹಾಡು ಬಿಟ್ಟರೆ ಹೆಚ್ಚಿನ ಕೆಲಸವೇ ಇಲ್ಲ. ಆ ದಿನ ಮೊದಲ ಬಾರಿಗೆ ಭಾವನೂ ನಾನೂ ಒಂದೇ ಪಕ್ಷದಲ್ಲಿ ಸೋತೆವು.

2024ರ ಏಪ್ರಿಲಿನಲ್ಲಿ ಅದೇ ಹೆಸರಿನ ಹೊಸ ಸಿನಿಮಾ ಬಂದಿತು. ನಿರ್ಮಾಪಕ ವಾಶು ಭಗ್ನಾನಿ ಅವರೇ. ಅಕ್ಷಯ್ ಕುಮಾರ್, ಟೈಗರ್ ಶ್ರಾಫ್. ಪೊಲೀಸರಲ್ಲ, ಸೈನಿಕರು. ಈ ಸಲವೂ ಅದೇ ದಿನ ಇನ್ನೊಂದು ದೊಡ್ಡ ಸಿನಿಮಾ, ಫುಟ್‌ಬಾಲ್ ಕೋಚ್ ರಹೀಂ ಅವರ ಕುರಿತ ‘ಮೈದಾನ್’. ಈ ಸಲ ಟಿಕೆಟ್ಟಿಗೆ ಯಾರೂ ಯಾರ ಜೇಬೂ ಹೊಡೆಯಬೇಕಾಗಿರಲಿಲ್ಲ. ಥಾಣೆಯ ವಿವಿಯಾನಾ ಮಾಲಿನಲ್ಲಿ ನಮ್ಮ ಸಾಲಿನಲ್ಲಿ ನಾವು ಮೂವರೇ. ಅಕ್ಕನ ಮಗಳೇ ಹಠ ಹಿಡಿದು ಕರೆದುಕೊಂಡು ಹೋಗಿದ್ದಳು. ಪಾಪ್‌ಕಾರ್ನಿನ ಬೆಲೆ ಕೇಳಿ ಭಾವನವರು, 1998ರಲ್ಲಿ ಇಷ್ಟಕ್ಕೆ ಎಷ್ಟು ಕಪ್ಪು ಟಿಕೆಟ್ ಬರುತ್ತಿತ್ತು ಎಂದು ಮನಸ್ಸಿನಲ್ಲೇ ಭಾಗಿಸಿದರು. ಪರದೆಯ ಮೇಲೆ ಹೆಲಿಕಾಪ್ಟರುಗಳು ಹೊತ್ತಿ ಉರಿದವು. ಯಾರೂ ಬಗ್ಗಲಿಲ್ಲ, ಯಾರೂ ಕಾಲು ತೊಡರಿ ಬೀಳಲಿಲ್ಲ. ಇಂಟರ್‌ವಲ್‌ನಲ್ಲಿ ಭಾವ ಮೆಲ್ಲಗೆ ಹೇಳಿದರು: “ಹಳೇದೇ ವಾಸಿ ಮಾರಾಯ.”

ಕಾಲು ಶತಮಾನದ ಗೆಲುವು ಕೈಗೆ ಬಂದಂತಾಯಿತು. ಆದರೆ ಬಾಯಿಂದ ಹೊರಟ ಮಾತೇ ಬೇರೆ. “ಹಳೆಯದರಲ್ಲೂ ಅಂಥದ್ದೇನಿತ್ತು ಭಾವ?” ಎಂದುಬಿಟ್ಟೆ. ಅವರು ಕೆಂಪಾದರು. ಗೋವಿಂದನ ಸಮಯಪ್ರಜ್ಞೆ, ಅಮಿತಾಭರ ದೊಡ್ಡ ಮನಸ್ಸು, ಎರಡೂ ಜೋಡಿಯ ನಡಿಗೆಯಲ್ಲಿ ತೋರಿಸಿದ ವ್ಯತ್ಯಾಸ, ಇವನ್ನೆಲ್ಲ ದ್ವಿತೀಯಾರ್ಧ ಮುಗಿಯುವವರೆಗೂ ನನ್ನ ಕಿವಿಯಲ್ಲಿ ವಿವರಿಸಿದರು. ಎಲ್ಲ ನಾನು 1998ರಲ್ಲಿ ಲೋಕಲ್‌ನಲ್ಲಿ ಹೇಳಿದ ಮಾತುಗಳು.

ರಾತ್ರಿ ಊಟಕ್ಕೆ ಕೋಪರ್‌ಖೈರಣೆಗೆ ಹೋಗುವುದೆಂದು ಥಾಣೆಯ ಹತ್ತನೇ ಪ್ಲಾಟ್‌ಫಾರ್ಮಿನಿಂದ ವಾಶಿಯ ಗಾಡಿ ಹಿಡಿದೆವು. ಹುಡುಗಿ ಹೆಂಗಸರ ಡಬ್ಬಿಗೆ ಹೋದಳು. ನಾವಿಬ್ಬರು ಕಂಬ ಹಿಡಿದು ನಿಂತೆವು. ಆ ಸಿನಿಮಾ ನೋಡಿದ ಕಾಲದಿಂದ ನಮ್ಮಲ್ಲಿ ಇನ್ನೊಂದು ತಕರಾರಿದೆ, ಹೇಳುವುದು ಮರೆತೆ. ನಮ್ಮಿಬ್ಬರಲ್ಲಿ ಬಡೇ ಮಿಯಾ ಯಾರು? ವಯಸ್ಸಿನಲ್ಲಿ ಎಂಟು ವರ್ಷ ದೊಡ್ಡವನು, ಆದ್ದರಿಂದ ನಾನೇ ಎನ್ನುತ್ತಿದ್ದರು ಭಾವ. ನೀವು ಐದಡಿ ಎರಡಂಗುಲ, ನಾನು ಆರಡಿ. ಅಮಿತಾಭ್ ಯಾರು ಎಂದು ಕಣ್ಣಿದ್ದವರು ಹೇಳಲಿ ಎನ್ನುತ್ತಿದ್ದೆ ನಾನು.

ಮೂಲೆಯ ಸೀಟಿನಲ್ಲಿದ್ದ ಒಬ್ಬ ನಮ್ಮ ಬಿಳಿ ತಲೆಗಳನ್ನು ನೋಡಿ ಎದ್ದು ನಿಂತು, ಕೂತ್ಕೊಳ್ಳಿ ಎಂಬಂತೆ ಕೈ ತೋರಿಸಿದ. ಸೀಟು ಒಂದೇ.

“ಕೂತ್ಕೊಳ್ಳಿ ಭಾವ, ನೀವು ದೊಡ್ಡವರು. ಬಡೇ ಮಿಯಾ.”

“ಎಂತ ದೊಡ್ಡವರು? ಎತ್ತರ ನೋಡು ನಿಂದು. ನೀನೇ ಬಡೇ ಮಿಯಾ. ಕೂತ್ಕೊ.”

“ಎಪ್ಪತ್ತೈದು ನಿಮಗೆ.”

“ಮೊಣಕಾಲು ನೋವು ನಿನಗೆ. ನನಗೇನಾಗಿದೆ?”

ಐರೋಲಿ ಬಂದಿತು. ಕಿವಿಗೆ ವೈರು ಸಿಕ್ಕಿಸಿಕೊಂಡ ಕಾಲೇಜು ಹುಡುಗನೊಬ್ಬ ನಮ್ಮಿಬ್ಬರ ನಡುವೆ ನುಸುಳಿ ಬಂದು, ಆ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ ತಲೆಯಾಡಿಸತೊಡಗಿದ.